ಸಾವಿಲ್ಲದವರಿಗೆ ಲೆಕ್ಕ ಕೇಳುವವರು ಯಾರು?

ಗ್ರೀಕರ ಹಳೆಯ ದೇವರುಗಳಿಗೆ ಇಂದು ಉಳಿದಿರುವ ಭಕ್ತರು ಬೆರಳೆಣಿಕೆಯಷ್ಟು. ಅಥೆನ್ಸಿನ ಅಕ್ರೊಪೊಲಿಸ್ ಬೆಟ್ಟವನ್ನು ಜನ ಟಿಕೇಟು ಕೊಂಡು ಹತ್ತುತ್ತಾರೆಯೇ ಹೊರತು ಹರಕೆ ಹೊತ್ತು ಹತ್ತುವುದಿಲ್ಲ. ಆದರೆ ಭಕ್ತರನ್ನು ಕಳೆದುಕೊಂಡ ಈ ದೇವರುಗಳು ಓದುಗರನ್ನು ಕಳೆದುಕೊಂಡಿಲ್ಲ. ಕಳೆದ ಎರಡು ದಶಕಗಳಲ್ಲಂತೂ ಇಂಗ್ಲಿಷ್ ಕಾದಂಬರಿಗಳಲ್ಲಿ ಅವರ ಓಡಾಟ ಬಲು ಜೋರಾಗಿದೆ. ಅಮೆರಿಕದ ಟೆಕ್ಸಾಸಿನಲ್ಲಿ ಶಾಲಾ ಶಿಕ್ಷಕರಾಗಿದ್ದ ರಿಕ್ ರಿಯೊರ್ಡನ್, ಓದಿನಲ್ಲಿ ತೊಡಕು ಅನುಭವಿಸುತ್ತಿದ್ದ ತಮ್ಮ ಮಗನಿಗೆ ರಾತ್ರಿ ಹೊತ್ತು ಗ್ರೀಕ್ ಪುರಾಣದ ಕಥೆ ಹೇಳುತ್ತಿದ್ದರು. ಗೊತ್ತಿದ್ದ ಕಥೆಗಳೆಲ್ಲ ಮುಗಿದರೂ ಮಗ ಬಿಡಲಿಲ್ಲ, ಹೊಸದೊಂದನ್ನು ಕಟ್ಟಬೇಕಾಯಿತು. ಅದೇ 2005ರಲ್ಲಿ ‘ದಿ ಲೈಟ್ನಿಂಗ್ ಥೀಫ್’ ಎಂಬ ಪುಸ್ತಕವಾಯಿತು. ಅದರ ನಾಯಕ ಪರ್ಸಿ ಜಾಕ್ಸನ್ ಎಂಬ ಹುಡುಗನ ತಾಯಿ ನ್ಯೂಯಾರ್ಕಿನ ಮಿಠಾಯಿ ಅಂಗಡಿಯೊಂದರಲ್ಲಿ ಕೆಲಸಕ್ಕಿರುವ ಹೆಂಗಸು; ತಂದೆ ಸಮುದ್ರದ ಅಧಿದೇವತೆ ಪೊಸೈಡನ್. 2009ರ ಹೊತ್ತಿಗೆ ಈ ಸರಣಿಯಲ್ಲಿ ಐದು ಪುಸ್ತಕಗಳು ಬಂದವು. ದೊಡ್ಡವರ ಓದಿಗೆ ಮ್ಯಾಡೆಲಿನ್ ಮಿಲ್ಲರ್ 2011ರಲ್ಲಿ ‘ದಿ ಸಾಂಗ್ ಆಫ್ ಅಕಿಲೀಸ್’ ಬರೆದು ಮರುವರ್ಷ ಬ್ರಿಟನ್ನಿನ ಆರೆಂಜ್ ಪ್ರಶಸ್ತಿ ಪಡೆದರು. 2018ರಲ್ಲಿ ಅವರ ‘ಸರ್ಸಿ’ ಬಂತು. ಈ ಸಾಲಿಗೆ ಸೇರುವ ಇನ್ನೂ ಎಷ್ಟೋ ಪುಸ್ತಕಗಳಿವೆ.

ನಮ್ಮ ಮನೆಗಳ ಮಕ್ಕಳ ಕೈಗೂ ಇವು ಬಂದಿವೆ. ಒಂದು ಕಡೆ ‘ಇದೆಲ್ಲ ಶಿರ್ಕಿನ ಕಥೆ, ಮನೆಯೊಳಗೆ ಬೇಡ’ ಎನ್ನುವ ಹಿರಿಯರಿದ್ದಾರೆ. ಇನ್ನೊಂದು ಕಡೆ ‘ಮಕ್ಕಳ ಕಥೆ ತಾನೇ, ಇಂಗ್ಲಿಷಾದರೂ ಸುಧಾರಿಸುತ್ತದೆ’ ಎಂದು ಸುಮ್ಮನಾಗುವ ತಂದೆತಾಯಿಗಳಿದ್ದಾರೆ. ಇಬ್ಬರೂ ಪುಸ್ತಕ ತೆರೆದು ನೋಡಿಲ್ಲವೆಂಬುದು ನಮ್ಮ ಗುಮಾನಿ. ತೆರೆದು ನೋಡಿದರೆ ಅಲ್ಲಿ ಒಂದು ಹಳೆಯ ಪ್ರಶ್ನೆ ಹೊಸ ಬಟ್ಟೆ ತೊಟ್ಟು ಕುಳಿತಿರುವುದು ಕಾಣುತ್ತದೆ. ಸಾವಿಲ್ಲದ, ಯಾರಿಗೂ ಉತ್ತರ ಹೇಳಬೇಕಾಗಿಲ್ಲದ ಶಕ್ತಿಗೆ ನ್ಯಾಯವೆಂಬುದು ತಿಳಿದಿರಲು ಸಾಧ್ಯವೇ? ದೇವರನ್ನು ನಂಬುವ ನಮಗೆ ಇದು ಸುಲಭದ ಪ್ರಶ್ನೆಯಲ್ಲ. ಸುಲಭವೆಂದು ಅಂದುಕೊಂಡವರು ಅದನ್ನು ಪೂರ್ತಿ ಕೇಳಿಸಿಕೊಂಡಿಲ್ಲ.

ಮೊದಲು ನಮಗೂ ಗ್ರೀಕರಿಗೂ ಇರುವ ನಂಟಿನ ಬಗ್ಗೆ ಎರಡು ಮಾತು. ಅಬ್ಬಾಸಿ ಖಲೀಫರ ಕಾಲದಲ್ಲಿ, ಅಂದರೆ ಎಂಟರಿಂದ ಹತ್ತನೆಯ ಶತಮಾನದವರೆಗೆ, ಬಗ್ದಾದಿನಲ್ಲಿ ಗ್ರೀಕ್ ಗ್ರಂಥಗಳು ರಾಶಿ ರಾಶಿಯಾಗಿ ಅರಬಿಗೆ ಬಂದವು. ಅರಿಸ್ಟಾಟಲ್, ಗ್ಯಾಲೆನ್, ಯೂಕ್ಲಿಡ್, ಟಾಲೆಮಿ ಎಲ್ಲರೂ ಬಂದರು. ಬಾರದೆ ಉಳಿದವನು ಹೋಮರ್. ದೇವರುಗಳ ಗದ್ದಲವೇ ಅದಕ್ಕೆ ಕಾರಣವೆಂದು ಹೇಳುವುದು ವಾಡಿಕೆ. ಅದು ಅರ್ಧ ಸತ್ಯವಿದ್ದೀತು. ಅನುವಾದಕ್ಕೆ ಹಣ ಕೊಡುತ್ತಿದ್ದವರಿಗೆ ಬೇಕಿದ್ದುದು ವೈದ್ಯ, ಗಣಿತ, ಖಗೋಳ, ತರ್ಕ. ಕಾವ್ಯವೆಂಬುದು ಅರಬರ ಮನೆಯಲ್ಲೇ ತುಂಬಿ ತುಳುಕುತ್ತಿತ್ತು. ಆ ಅನುವಾದಕರಲ್ಲಿ ಎಲ್ಲರಿಗಿಂತ ದೊಡ್ಡವರಾದ ಹುನೈನ್ ಬಿನ್ ಇಸ್‌ಹಾಕ್ ಎಂಬ ಕ್ರೈಸ್ತ ವೈದ್ಯರು ಹೋಮರನ ಸಾಲುಗಳನ್ನು ಬಾಯಿಪಾಠ ಹೇಳಿಕೊಳ್ಳುತ್ತಾ ಅಡ್ಡಾಡುತ್ತಿದ್ದರೆಂದು ಹಳೆಯ ಅರಬಿ ಚರಿತ್ರೆಕಾರರು ಬರೆದಿದ್ದಾರೆ. ಬಾಯಲ್ಲಿ ಬಂದ ಹೋಮರ್ ಬರಹಕ್ಕೆ ಬರಲಿಲ್ಲ. ‘ಇಲಿಯಡ್’ ಅರಬಿಯಲ್ಲಿ ಪದ್ಯರೂಪದಲ್ಲಿ ಪ್ರಕಟವಾದದ್ದು 1904ರಲ್ಲಿ, ಕೈರೋದಿಂದ, ಲೆಬನಾನಿನ ಸುಲೈಮಾನ್ ಅಲ್ ಬುಸ್ತಾನಿಯವರ ಕೈಯಿಂದ. ಈ ಸಾವಿರ ವರ್ಷಗಳ ಅಂತರದಲ್ಲಿ ತಮಾಷೆಯ ಪ್ರಸಂಗಗಳೂ ನಡೆದವು. ಅರಿಸ್ಟಾಟಲನ ಕಾವ್ಯಮೀಮಾಂಸೆಯನ್ನು ಅರಬಿಗೆ ತಂದ ಅಬೂ ಬಿಶ್ರ್ ಮತ್ತಾ, ನಾಟಕವನ್ನೇ ಕಾಣದ ಲೋಕದಲ್ಲಿ ಕುಳಿತು, ದುರಂತ ನಾಟಕವನ್ನು ‘ಹೊಗಳಿಕೆಯ ಪದ್ಯ’ವೆಂದೂ ಪ್ರಹಸನವನ್ನು ‘ತೆಗಳಿಕೆಯ ಪದ್ಯ’ವೆಂದೂ ಅನುವಾದಿಸಿಬಿಟ್ಟರು. ಅದನ್ನೇ ನಂಬಿ ಮಹಾಪಂಡಿತ ಇಬ್ನ್ ರುಶ್ದ್ ವ್ಯಾಖ್ಯಾನ ಬರೆದರು. ಅರ್ಜೆಂಟೀನಾದ ಬೋರ್ಹೆಸ್ 1947ರಲ್ಲಿ ಇದನ್ನೇ ಒಂದು ಕಥೆಯಾಗಿಸಿದ್ದಾರೆ. ನಗು ಬರಿಸಬೇಕಾದ ಕಥೆ, ಓದಿ ಮುಗಿಸುವಾಗ ಕಣ್ಣು ತೇವವಾಗುತ್ತದೆ.

ಇತ್ತ ಕನ್ನಡದಲ್ಲಿ ಬಿ.ಎಂ. ಶ್ರೀಕಂಠಯ್ಯನವರು ಸೊಫೊಕ್ಲಿಸನ ಅಜಾಕ್ಸ್ ವೀರನ ಸಂಕಟವನ್ನು ನಮ್ಮ ಅಶ್ವತ್ಥಾಮನ ಮೈಗೆ ಹೊಂದಿಸಿ ‘ಅಶ್ವತ್ಥಾಮನ್’ ನಾಟಕ ಬರೆದರು. ಪರಕೀಯ ದೇವರುಗಳಿಂದ ಕನ್ನಡದ ಓದುಗ ಕೆಟ್ಟುಹೋದನೆಂದು ಆಗ ಯಾರೂ ದೂರಿದಂತಿಲ್ಲ.

ಗ್ರಂಥವಾಗಿ ಬಾರದ ಗ್ರೀಕ್ ಕಥೆ ನಮ್ಮ ಮನೆಗೆ ಹಿತ್ತಲ ಬಾಗಿಲಿನಿಂದ ಬಂದಿತ್ತು. ಸಿಂದಬಾದನ ಮೂರನೆಯ ಯಾನವನ್ನು ಓದಿದವರು ನೆನಪಿಸಿಕೊಳ್ಳಿ. ಮನುಷ್ಯರನ್ನು ಸುಟ್ಟು ತಿನ್ನುವ ದೈತ್ಯ ನಿದ್ದೆಹೋದಾಗ ಕಬ್ಬಿಣದ ಸಲಾಕೆ ಕಾಯಿಸಿ ಅವನ ಕಣ್ಣಿಗೆ ಚುಚ್ಚಿ ಓಡುವುದು, ದೈತ್ಯ ಬಂಡೆ ಎಸೆಯುವುದು. ‘ಒಡಿಸ್ಸಿ’ಯ ಒಂಬತ್ತನೆಯ ಅಧ್ಯಾಯದ ಒಕ್ಕಣ್ಣಿನ ಪಾಲಿಫೀಮಸನ ಕಥೆಗೂ ಇದಕ್ಕೂ ಏನು ದೂರ? ಇನ್ನು ಸಿಕಂದರ್. ಮಕದೂನಿಯದ ಆ ಅರಸ ಸತ್ತ ಮೇಲೆ ಗ್ರೀಕಿನಲ್ಲೇ ಹುಟ್ಟಿದ ಅದ್ಭುತ ಕಥೆಗಳು ಸಿರಿಯಾಕ್, ಅರಬಿ, ಫಾರ್ಸಿಗಳನ್ನು ದಾಟಿ ಹನ್ನೆರಡನೆಯ ಶತಮಾನದ ನಿಜಾಮಿಯ ಕಾವ್ಯವಾಗಿ, ಕೊನೆಗೆ ಉರ್ದು ಗಜಲಿನೊಳಗೆ ಬಂದು ಕುಳಿತವು. ಕತ್ತಲ ನಾಡಿನಲ್ಲಿ ಆಬೆಹಯಾತ್, ಅಂದರೆ ಅಮರತ್ವದ ನೀರು. ಹಜ್ರತ್ ಖಿಜ್ರರಿಗೆ ಅದು ಸಿಗುತ್ತದೆ, ಭೂಮಿಯನ್ನೆಲ್ಲ ಗೆದ್ದ ಸಿಕಂದರನಿಗೆ ಸಿಗುವುದಿಲ್ಲ. ಬಾಯಿಂದ ಬಾಯಿಗೆ ಬಂದ ಇನ್ನೊಂದು ರೂಪದಲ್ಲಿ ಅವನಿಗೂ ಚಿಲುಮೆ ಸಿಗುತ್ತದೆ. ಆದರೆ ಆ ನೀರು ಕುಡಿದು ಸಾಯಲಾರದೆ ನರಳುತ್ತಿರುವ ಮುದಿ ಕಾಗೆಯೊಂದನ್ನು ಕಂಡು ಕೈಯ ಬೊಗಸೆ ಸಡಿಲಿಸಿ ಹಿಂದಿರುಗುತ್ತಾನೆ. ಉರ್ದು ಓದಿದವರಿಗೆ ಇದು ಹೊಸದಲ್ಲ. ಗಾಲಿಬ್ ಖಿಜ್ರರ ದೀರ್ಘಾಯುಷ್ಯವನ್ನು ಕೆಣಕಿದ್ದು ಎಲ್ಲರಿಗೂ ಗೊತ್ತು. ಹಾಗಾಗಿ ಗ್ರೀಕ್ ಮೂಲದ ಅದ್ಭುತ ಕಥೆ ಅಮೆರಿಕದಿಂದ ಬಂದ ಹೊಸ ಪೀಡೆಯೆಂದು ಹೇಳುವವರು ತಮ್ಮ ನಾನಿ, ದಾದಿಯರ ಕಥೆಗಳನ್ನು ಮರೆತಿದ್ದಾರೆ ಎನ್ನಬೇಕಾಗುತ್ತದೆ.

ಈಗ ಪರ್ಸಿ ಜಾಕ್ಸನ್ನನ ಕಥೆಗೆ ಬರೋಣ. ಮೊದಲ ಪುಸ್ತಕದ ಆರಂಭದಲ್ಲೇ, ಗ್ರೀಕ್ ದೇವರುಗಳೆಲ್ಲ ನಿಜವಾಗಿಯೂ ಇದ್ದಾರೆಂದು ಹುಡುಗನಿಗೆ ತಿಳಿಸುವಾಗ, ಅರ್ಧ ಕುದುರೆ ಅರ್ಧ ಮನುಷ್ಯನಾದ ಗುರು ಕೈರನ್ ಒಂದು ಜಾಣತನ ಮಾಡುತ್ತಾನೆ. ಸರ್ವಸೃಷ್ಟಿಯ ಒಡೆಯನಾದ ದೇವರ ವಿಷಯ ಬೇರೆ, ಆ ಗಹನ ಚರ್ಚೆ ನಮಗೆ ಬೇಡ, ಇಲ್ಲಿ ನಾವು ಮಾತಾಡುತ್ತಿರುವುದು ಸಣ್ಣ ಅಕ್ಷರದ ದೇವರುಗಳ ಬಗ್ಗೆ ಎಂದು ಬದಿಗೆ ಸರಿಸುತ್ತಾನೆ. ಚರ್ಚಿಗೆ ಹೋಗುವ ಅಮೆರಿಕನ್ ತಂದೆತಾಯಿಗಳು ಪುಸ್ತಕ ಮುಚ್ಚದಿರಲೆಂಬ ಎಚ್ಚರಿಕೆ ಇದರಲ್ಲಿ ಇಲ್ಲದೆ ಇಲ್ಲ. ಆದರೂ ಇದು ಬರೀ ವ್ಯಾಪಾರವಲ್ಲ. ಹತ್ತು ವರ್ಷಗಳ ನಂತರ, 2015ರಲ್ಲಿ, ಇದೇ ಲೇಖಕರು ಉತ್ತರ ಯುರೋಪಿನ ಪುರಾಣ ಹಿಡಿದು ಬರೆದ ಇನ್ನೊಂದು ಸರಣಿಯಲ್ಲಿ ಸಮೀರಾ ಅಲ್ ಅಬ್ಬಾಸ್ ಎಂಬ ಹಿಜಾಬ್ ಧರಿಸಿದ ಮುಸ್ಲಿಂ ಹುಡುಗಿಯನ್ನು ತಂದರು. ಹತ್ತನೆಯ ಶತಮಾನದಲ್ಲಿ ಬಗ್ದಾದಿನಿಂದ ವೋಲ್ಗಾ ತೀರಕ್ಕೆ ಹೋಗಿ ಅಲ್ಲಿನ ಜನರ ಬಗ್ಗೆ ಬರೆದ ಇಬ್ನ್ ಫದ್ಲಾನ್ ಅವಳ ಮನೆತನದ ಹಿರಿಯ. ಅವಳು ಓಡಿನ್ ಎಂಬ ದೇವತೆಯ ಚಾಕರಿ ಮಾಡುತ್ತಾಳೆ. ರಂಜಾನಿನಲ್ಲಿ ಉಪವಾಸವನ್ನೂ ಮಾಡುತ್ತಾಳೆ. ಆರಾಧನೆಗೆ ಅರ್ಹನಾದವನು ಒಬ್ಬನೇ, ಇವರೆಲ್ಲ ಬಲಶಾಲಿ ಜೀವಿಗಳಷ್ಟೇ ಎಂಬುದು ಅವಳ ನಿಲುವು. ನಮ್ಮ ಉಲಮಾಗಳು ಇದನ್ನು ಒಪ್ಪಲಿಕ್ಕಿಲ್ಲ. ಆದರೆ ಒಬ್ಬ ಅಮೆರಿಕನ್ ಲೇಖಕ ತೌಹೀದಿನ ಹುಡುಗಿಯನ್ನು ಹಾಸ್ಯಕ್ಕೆ ಬಳಸದೆ ಅವಳ ಪ್ರಶ್ನೆಯನ್ನು ಪ್ರಶ್ನೆಯಾಗಿಯೇ ಉಳಿಸಿದ್ದು ಸಣ್ಣ ಮಾತಲ್ಲ.

ನಮ್ಮ ಬಳಗದ ಹುಡುಗಿಯೊಬ್ಬಳು, ಆರನೆಯ ತರಗತಿಯವಳು, ಊಟದ ದಸ್ತರಖಾನಿನ ಮುಂದೆಯೇ ಒಮ್ಮೆ ಕೇಳಿದಳು: “ಮಾಮೂ, ಝ್ಯೂಸ್‌ಗೂ ಅಲ್ಲಾಹನಿಗೂ ಜಗಳ ಆದರೆ ಯಾರು ಗೆಲ್ಲುತ್ತಾರೆ?” ಅವಳ ನಾನಿ “ತೌಬಾ ತೌಬಾ” ಎಂದು ಕೆನ್ನೆ ಬಡಿದುಕೊಂಡರು. ಪುಸ್ತಕ ಕಪಾಟಿನ ಮೇಲೆ ಹೋಯಿತು. (ಝ್ಯೂಸ್ ಎಂದು ಬರೆಯುವಾಗ ಒಂದಕ್ಷರ ಬದಲಾದರೆ ಹಣ್ಣಿನ ರಸವಾಗುತ್ತದೆ, ಕನ್ನಡದಲ್ಲಿ ಗ್ರೀಕ್ ದೇವರುಗಳ ಗಾಂಭೀರ್ಯ ಕಾಪಾಡುವುದು ಕಷ್ಟದ ಕೆಲಸ.) ನಮಗೆ ಆ ಪ್ರಶ್ನೆಯಲ್ಲಿ ಕಂಡ ಅಪಾಯ ನಾನಿಗೆ ಕಂಡದ್ದಕ್ಕಿಂತ ಬೇರೆ. ಮಗು ಝ್ಯೂಸನನ್ನು ಪೂಜಿಸಲು ಹೊರಟಿರಲಿಲ್ಲ. ಅಲ್ಲಾಹನನ್ನು ಝ್ಯೂಸನಂತೆಯೇ, ಆದರೆ ಇನ್ನೂ ದೊಡ್ಡ ತೋಳಿನವನೆಂದು ಊಹಿಸಿಕೊಂಡಿತ್ತು. ಈ ಊಹೆ ಪರ್ಸಿ ಜಾಕ್ಸನ್ ಓದದ ಎಷ್ಟೋ ದೊಡ್ಡವರಲ್ಲೂ ಇದೆ. ನಮ್ಮ ಕೆಲವು ಭಾಷಣಕಾರರು ವೇದಿಕೆಯ ಮೇಲೆ ವರ್ಣಿಸುವ ದೇವರು, ಸಿಟ್ಟು ಬಂದರೆ ಸಿಡಿಲೆಸೆಯುವವನು, ಹೊಗಳಿಕೆಗೆ ಹಿಗ್ಗುವವನು, ತನ್ನ ಕಡೆಯವರ ತಪ್ಪು ಮರೆತು ಎದುರು ಕಡೆಯವರ ತಪ್ಪು ಎಣಿಸುವವನು, ಒಲಿಂಪಸ್ ಬೆಟ್ಟದ ಮೇಲೆ ಇದ್ದರೆ ಯಾರಿಗೂ ಗುರುತು ಸಿಗದಷ್ಟು ಅಲ್ಲಿಯವನೇ ಆಗಿಬಿಡುತ್ತಾನೆ.

ಒಲಿಂಪಸ್ಸಿನವರು ಎಂಥವರು? ಹೋಮರ್ ಮುಚ್ಚುಮರೆ ಮಾಡಿಲ್ಲ. ‘ಇಲಿಯಡ್’ನ ನಾಲ್ಕನೆಯ ಅಧ್ಯಾಯದಲ್ಲಿ ಝ್ಯೂಸನೂ ಅವನ ಹೆಂಡತಿ ಹೀರಾಳೂ ಊರುಗಳ ವ್ಯಾಪಾರ ಮಾಡುತ್ತಾರೆ. ಟ್ರಾಯ್ ನಗರ ಝ್ಯೂಸನಿಗೆ ಪ್ರಿಯವಾದದ್ದು, ಅಲ್ಲಿಯವರು ಅವನಿಗೆ ಸಲ್ಲಿಸಬೇಕಾದ ಬಲಿಗಳಲ್ಲಿ ಕೊರತೆ ಮಾಡಿದವರಲ್ಲ. ಹೀರಾಳಿಗೆ ಆ ಊರಿನ ಮೇಲೆ ತೀರದ ಹಗೆ. ಕೊನೆಗೆ ಅವಳು ತನಗೆ ಪ್ರಿಯವಾದ ಮೂರು ಊರುಗಳ ಹೆಸರು ಹೇಳಿ, ನಿನಗೆ ಬೇಕೆನಿಸಿದಾಗ ಇವನ್ನು ಹಾಳು ಮಾಡು, ನಾನು ಅಡ್ಡ ಬರುವುದಿಲ್ಲ, ಈಗ ಟ್ರಾಯ್ ನನಗೆ ಕೊಡು ಎನ್ನುತ್ತಾಳೆ. ವ್ಯವಹಾರ ಕುದುರುತ್ತದೆ. ಆ ಊರುಗಳಲ್ಲಿ ಒಲೆ ಹಚ್ಚುತ್ತಿರುವ ಹೆಂಗಸರಿಗೆ, ಆಡುತ್ತಿರುವ ಮಕ್ಕಳಿಗೆ ತಮ್ಮ ಸಾವಿನ ಕರಾರು ಆದದ್ದು ಗೊತ್ತೇ ಇಲ್ಲ. ಐದನೆಯ ಅಧ್ಯಾಯದಲ್ಲಿ ಯುದ್ಧದೇವತೆ ಏರಿಸನಿಗೆ ಒಬ್ಬ ಮನುಷ್ಯನ ಭರ್ಜಿ ತಾಗುತ್ತದೆ. ಸಾವಿರಾರು ಸೈನಿಕರು ಒಟ್ಟಿಗೆ ಅರಚಿದಂತೆ ಅರಚುತ್ತಾನೆ, ಬೆಟ್ಟಕ್ಕೆ ಓಡುತ್ತಾನೆ, ಮದ್ದು ಹಚ್ಚಿಸಿಕೊಂಡು ಸ್ನಾನ ಮಾಡಿ ಹೊಸ ಬಟ್ಟೆಯುಟ್ಟು ಕೂರುತ್ತಾನೆ. ಕೆಳಗೆ ಅದೇ ಗಾಯವಾದವರು ಮಣ್ಣು ಕಚ್ಚಿ ಸತ್ತಿದ್ದಾರೆ. ಹೋಮರ್ ಟೀಕೆ ಮಾಡುವುದಿಲ್ಲ, ಎರಡು ಚಿತ್ರಗಳನ್ನು ಅಕ್ಕಪಕ್ಕ ಇಡುತ್ತಾನೆ ಅಷ್ಟೇ.

ಗ್ರೀಕರಲ್ಲೇ ಇದನ್ನು ಕಂಡು ಕೆರಳಿದವರಿದ್ದರು. ಎರಡೂವರೆ ಸಾವಿರ ವರ್ಷಗಳ ಹಿಂದೆಯೇ ಕ್ಸೆನೊಫೆನಿಸ್, ಮನುಷ್ಯರಲ್ಲಿ ನಾಚಿಕೆಗೇಡಾದ ಕಳವು, ಹಾದರ, ಮೋಸಗಳನ್ನೆಲ್ಲ ಹೋಮರ್ ದೇವರುಗಳ ತಲೆಗೆ ಕಟ್ಟಿದ್ದಾನೆಂದು ದೂರಿದ. ಪ್ಲೇಟೋ ತನ್ನ ಆದರ್ಶ ರಾಜ್ಯದ ಮಕ್ಕಳಿಗೆ ಇಂಥ ಕಥೆ ಹೇಳಕೂಡದೆಂದ. ಬಗ್ದಾದಿಗೆ ಹೋಮರ್ ಬರದಿದ್ದರೂ ಪ್ಲೇಟೋ ಬಂದ. ಫಾರಾಬಿ, ಇಬ್ನ್ ರುಶ್ದ್ ಅವನನ್ನು ಕಣ್ಣಿಗೊತ್ತಿಕೊಂಡರು. ಅಂದರೆ ಗ್ರೀಕರ ಮನೆಯ ಜಗಳದಲ್ಲಿ ನಮ್ಮ ಹಿರಿಯರಿಗೆ ಸಿಕ್ಕಿದ್ದು ಒಂದು ಪಕ್ಷದ ವಾದ ಮಾತ್ರ. ದೂರನ್ನು ಓದಿದರು, ದೂರಿಗೆ ಕಾರಣವಾದ ಕಾವ್ಯವನ್ನು ಓದಲಿಲ್ಲ.

ಹೊಸ ಕಾದಂಬರಿಕಾರರು ಈ ಜಗಳವನ್ನು ಮತ್ತೆ ತೆರೆದಿದ್ದಾರೆ. ಪ್ಲೇಟೋನಂತೆ ಕಥೆಯನ್ನು ನಿಷೇಧಿಸುವುದಿಲ್ಲ, ಕಥೆಯೊಳಗೆ ಮೊಕದ್ದಮೆ ಹೂಡುತ್ತಾರೆ. ರಿಯೊರ್ಡನ್ನನ ಐದು ಪುಸ್ತಕಗಳ ಬೆನ್ನೆಲುಬು ರಾಕ್ಷಸರ ಬೇಟೆಯಲ್ಲ, ಕೈಬಿಟ್ಟ ಮಕ್ಕಳ ಸಿಟ್ಟು. ದೇವರುಗಳು ಭೂಮಿಗೆ ಬಂದು ಮನುಷ್ಯರಲ್ಲಿ ಮಕ್ಕಳನ್ನು ಪಡೆದು ಹೊರಟುಹೋಗುತ್ತಾರೆ. ಆ ಮಕ್ಕಳೆಲ್ಲ ಒಂದು ಶಿಬಿರದಲ್ಲಿ ಸೇರಿ ತಮ್ಮ ತಂದೆಯೋ ತಾಯಿಯೋ ಯಾರೆಂದು ತಿಳಿಯುವ ದಿನಕ್ಕಾಗಿ ಕಾಯುತ್ತಾರೆ. ಎಷ್ಟೋ ಮಕ್ಕಳಿಗೆ ಆ ದಿನ ಬರುವುದೇ ಇಲ್ಲ. ಹರ್ಮಿಸನ ಮಗ ಲ್ಯೂಕ್ ದಂಗೆಯೇಳುವುದು ಇದಕ್ಕಾಗಿಯೇ. ಅವನು ಹಿಡಿದ ದಾರಿ ಕೆಟ್ಟದ್ದು, ದೇವರುಗಳಿಗಿಂತ ಕ್ರೂರನಾದ ಕ್ರೊನಸನನ್ನು ಎಬ್ಬಿಸುತ್ತಾನೆ. ಆದರೆ ಅವನ ದೂರು ಸುಳ್ಳೆಂದು ಪುಸ್ತಕ ಎಲ್ಲಿಯೂ ಹೇಳುವುದಿಲ್ಲ. 2009ರ ಕೊನೆಯ ಪುಸ್ತಕದಲ್ಲಿ ಯುದ್ಧ ಗೆಲ್ಲಿಸಿಕೊಟ್ಟ ಪರ್ಸಿಗೆ ಅಮರತ್ವದ ಕೊಡುಗೆ ಬರುತ್ತದೆ. ಅವನು ಬೇಡವೆನ್ನುತ್ತಾನೆ. ಬದಲಿಗೆ, ನಿಮ್ಮ ಎಲ್ಲ ಮಕ್ಕಳನ್ನೂ ಹದಿಮೂರು ತುಂಬುವುದರೊಳಗೆ ನಿಮ್ಮವರೆಂದು ಒಪ್ಪಿಕೊಳ್ಳಿ, ಸಣ್ಣಪುಟ್ಟ ದೇವತೆಗಳ ಮಕ್ಕಳಿಗೂ ಶಿಬಿರದಲ್ಲಿ ಜಾಗ ಕೊಡಿ ಎಂದು ಮಾತು ತೆಗೆದುಕೊಳ್ಳುತ್ತಾನೆ. ಹದಿನಾರರ ಹುಡುಗನೊಬ್ಬ ದೇವರುಗಳಿಗೆ ಬಾಲಪಾಠ ಹೇಳುತ್ತಾನೆ.

ಮಿಲ್ಲರ್ ಬರೆದ ‘ಸರ್ಸಿ’ಯೂ ಅದೇ ಕಡೆಗೆ ನಡೆಯುತ್ತದೆ, ಇನ್ನೂ ನಿಧಾನವಾಗಿ, ಇನ್ನೂ ಆಳವಾಗಿ. ಹೋಮರನಲ್ಲಿ ಸರ್ಸಿ ನಾವಿಕರನ್ನು ಹಂದಿಗಳಾಗಿಸುವ ಮಾಟಗಾತಿ. ಮಿಲ್ಲರ್ ಆಕೆಯ ಬಾಲ್ಯದಿಂದ ಆರಂಭಿಸುತ್ತಾರೆ. ಸೂರ್ಯದೇವತೆಯ ಅರಮನೆಯಲ್ಲಿ, ಮನುಷ್ಯರಿಗೆ ಬೆಂಕಿ ಕೊಟ್ಟ ತಪ್ಪಿಗೆ ಪ್ರೊಮಿಥಿಯಸ್ಸನಿಗೆ ಚಾಟಿಯೇಟು ಬೀಳುವಾಗ ಉಳಿದ ದೇವತೆಗಳೆಲ್ಲ ತಮಾಷೆ ನೋಡುತ್ತಾರೆ. ಆ ಹುಡುಗಿ ಒಬ್ಬಳೇ ಅವನ ಬಾಯಿಗೆ ಒಂದು ಬಟ್ಟಲು ಪಾನೀಯ ಹಿಡಿಯುತ್ತಾಳೆ. ಸಾವಿರಾರು ವರ್ಷ ಬಾಳಿ, ಗಡೀಪಾರಾಗಿ, ಅತ್ಯಾಚಾರಕ್ಕೊಳಗಾಗಿ, ಮಗುವನ್ನು ಹೆತ್ತು, ಆ ಮಗುವಿನ ಜ್ವರಕ್ಕೆ ಹೆದರಿ ಹೆದರಿ, ಕೊನೆಗೆ ತನ್ನ ಅಮರತ್ವವನ್ನೇ ಕಳಚಿಡಲು ಹೊರಡುತ್ತಾಳೆ. ಸಿಕಂದರ್ ಹುಡುಕಿ ಹೋದದ್ದನ್ನು ಇವಳು ಚೆಲ್ಲಲು ಹೋಗುತ್ತಾಳೆ.

ಈ ಲೇಖಕರ ವಾದ ಇಷ್ಟು: ಸಾಯುವವನಿಗೆ ಮಾತ್ರ ಕಳೆದುಕೊಳ್ಳುವ ಭಯವಿದೆ, ಆ ಭಯವಿರುವವನಿಗೆ ಮಾತ್ರ ಇನ್ನೊಬ್ಬರ ನೋವು ತಿಳಿಯುತ್ತದೆ, ಆದ್ದರಿಂದ ಸಾವೇ ನೀತಿಯ ತಾಯಿ. ಕೇಳಲು ಸೊಗಸಾಗಿದೆ, ಪೂರ್ತಿ ನಿಜವಲ್ಲ. ಅಗಮೆಮ್ನನ್ ಸಾಯುವ ಮನುಷ್ಯನೇ. ಗಾಳಿ ಬೀಸಲೆಂದು ಹೆತ್ತ ಮಗಳನ್ನು ಬಲಿಕೊಟ್ಟ. ಅಕಿಲೀಸನಿಗಂತೂ ತಾನು ಬೇಗ ಸಾಯುತ್ತೇನೆಂದು ಉಳಿದವರಿಗಿಂತ ಖಚಿತವಾಗಿ ಗೊತ್ತು. ಆ ಅರಿವು ಅವನನ್ನು ಮೃದುಗೊಳಿಸಲಿಲ್ಲ, ಹೆಕ್ಟರನ ಹೆಣವನ್ನು ರಥಕ್ಕೆ ಕಟ್ಟಿ ಎಳೆಸಿತು. ‘ಒಡಿಸ್ಸಿ’ಯ ಇಪ್ಪತ್ತೆರಡನೆಯ ಅಧ್ಯಾಯದಲ್ಲಿ ಹನ್ನೆರಡು ಮಂದಿ ದಾಸಿಯರನ್ನು ಒಂದೇ ಹಗ್ಗಕ್ಕೆ ಸಾಲಾಗಿ ನೇಣು ಹಾಕಿದವನು ಒಲಿಂಪಸ್ಸಿನ ದೇವತೆಯಲ್ಲ, ನಾಯಕನ ಮಗ ಟೆಲಿಮಾಕಸ್. ಮನೆಗೆ ನುಗ್ಗಿದ ಗಂಡಸರ ಹಾಸಿಗೆಗೆ ಹೋದರೆಂಬುದು ಅವರ ಅಪರಾಧ. ಇಲ್ಲವೆನ್ನುವ ಸ್ವಾತಂತ್ರ್ಯ ದಾಸಿಗೆ ಇತ್ತೇ ಎಂದು ಆ ಅಂಗಳದಲ್ಲಿ ಯಾರೂ ಕೇಳಲಿಲ್ಲ. ಮಾರ್ಗರೆಟ್ ಅಟ್ವುಡ್ 2005ರ ‘ಪೆನೆಲೊಪಿಯಡ್’ನಲ್ಲಿ ಆ ಹನ್ನೆರಡು ಮಂದಿಗೆ ಬಾಯಿ ಕೊಟ್ಟರು. 2017ರಲ್ಲಿ ‘ಒಡಿಸ್ಸಿ’ಯನ್ನು ಇಂಗ್ಲಿಷಿಗೆ ತಂದ ಎಮಿಲಿ ವಿಲ್ಸನ್, ಹಿಂದಿನ ಹಲವು ಅನುವಾದಕರು ‘ಕೆಲಸದ ಹುಡುಗಿಯರು’ ಎಂದು ಮೆತ್ತಗೆ ಮಾಡಿದ್ದ ಕಡೆ ಅವರನ್ನು ಗುಲಾಮರೆಂದೇ ಕರೆದರು. ಒಂದು ಪದ ಸರಿಯಾದರೆ ಕೆಲವೊಮ್ಮೆ ನ್ಯಾಯದ ಅರ್ಧ ಕೆಲಸ ಆಗುತ್ತದೆ.

ಹಾಗಾದರೆ ಸಾವು ಸಾಲದು. ಬೇರೇನೋ ಬೇಕು. ರಿಯೊರ್ಡನ್ನನ ಮೊದಲ ಪುಸ್ತಕದಲ್ಲೇ ಅದಕ್ಕೊಂದು ಸುಳಿವಿದೆ. ಪಾತಾಳದ ಬಾಗಿಲಲ್ಲಿ ಸತ್ತವರ ಸರದಿ ಸಾಲುಗಳಿವೆ. ಒಂದು ಸಾಲು ನ್ಯಾಯಪೀಠದ ಮುಂದೆ ಹೋಗುತ್ತದೆ. ಬಾಳಿನ ಲೆಕ್ಕ ಒಪ್ಪಿಸಬೇಕು, ಒಳ್ಳೆಯದೋ ಕೆಟ್ಟದ್ದೋ ತೀರ್ಪಾಗುತ್ತದೆ. ಇನ್ನೊಂದು ಸಾಲಿನಲ್ಲಿ ವಿಚಾರಣೆಯೇ ಇಲ್ಲ, ನೇರ ಬೂದು ಬಣ್ಣದ ಬಯಲಿಗೆ ಹೋಗಿ ಎಂದೆಂದಿಗೂ ಸುಮ್ಮನೆ ನಿಂತಿರಬೇಕು. ಹೆಚ್ಚಿನ ಜನ ಈ ಎರಡನೆಯ ಸಾಲಿಗೇ ನಿಲ್ಲುತ್ತಾರೆ. ಲೆಕ್ಕ ಕೊಡುವ ಭಯಕ್ಕೆ ಸ್ವರ್ಗದ ಆಸೆಯನ್ನೂ ಬಿಡುತ್ತಾರೆ. ಲೇಖಕರು ಇದನ್ನು ವಿಮಾನ ನಿಲ್ದಾಣದ ತಪಾಸಣೆಯಂತೆ ತಮಾಷೆಯಾಗಿ ಬರೆದಿದ್ದಾರೆ. ಹಿಸಾಬ್, ಆಖಿರತ್ ಎಂಬ ಮಾತುಗಳನ್ನು ಕೇಳುತ್ತಾ ಬೆಳೆದ ನಮಗೆ ಆ ಪುಟ ಓದುವಾಗ ನಗುವಿನ ಜೊತೆ ಮೈ ಜುಮ್ಮೆನ್ನುತ್ತದೆ. ಅಲ್ಲಿ ಗಮನಿಸಬೇಕಾದ ಇನ್ನೊಂದು ಸಂಗತಿಯೆಂದರೆ, ಆ ಎರಡು ಸಾಲುಗಳಲ್ಲಿ ಎಲ್ಲಿಯೂ ದೇವರುಗಳು ನಿಂತಿಲ್ಲ. ಅವರಿಗೆ ಸಾವಿಲ್ಲ, ಹಾಗಾಗಿ ವಿಚಾರಣೆಯೂ ಇಲ್ಲ.

ಅಮರತ್ವವೇ ಕೆಡುಕಾದರೆ ನಾವು ನಂಬುವ ಸ್ವರ್ಗದ ಗತಿಯೇನು? ಅಲ್ಲಿಯೂ ಸಾವಿಲ್ಲವಲ್ಲ? ಈ ಪ್ರಶ್ನೆಯನ್ನು ತಪ್ಪಿಸಿಕೊಳ್ಳಬಾರದು. ಕುರ್‌ಆನಿನ ತಾಹಾ ಅಧ್ಯಾಯದಲ್ಲಿ ಇಬ್ಲೀಸ್ ಆದಮರಿಗೆ ತೋರಿಸುವ ಆಮಿಷವೇ ಅಮರತ್ವದ ಮರ ಮತ್ತು ಅಳಿಯದ ಒಡೆತನ. ಮನುಷ್ಯನ ಮೊದಲ ಜಾರುವಿಕೆ ಹಸಿವಿನಿಂದ ಆದದ್ದಲ್ಲ, ಸಾಯದೆ ಆಳುವ ಆಸೆಯಿಂದ. ಅದೇ ಕುರ್‌ಆನ್ ಮತ್ತೆ ಸಾವಿಲ್ಲದ ಬಾಳಿನ ಮಾತು ಕೊಡುತ್ತದೆ, ಆದರೆ ಲೆಕ್ಕ ಮುಗಿದ ಮೇಲೆ. ಅಣುಗಾತ್ರದ ಒಳಿತು ಕೆಡುಕುಗಳು ತೂಕಕ್ಕೆ ಬಂದ ಮೇಲೆ. ಇಬ್ಲೀಸ್ ಕೊಡಲು ಬಂದದ್ದೂ ಒಲಿಂಪಸ್ಸಿನವರಿಗೆ ಸಿಕ್ಕಿದ್ದೂ ಒಂದೇ, ಲೆಕ್ಕವಿಲ್ಲದ ಅಮರತ್ವ. ಮಿಲ್ಲರ್ ಮತ್ತು ರಿಯೊರ್ಡನ್ ಸಾವಿನ ಹೆಸರಿನಲ್ಲಿ ಹೊಗಳುತ್ತಿರುವುದು ನಿಜವಾಗಿ ಉತ್ತರದಾಯಿತ್ವವನ್ನು ಎಂದು ನಮಗೆ ತೋರುತ್ತದೆ. ಪರಲೋಕವನ್ನು ಕಥೆಯೆಂದು ತಿಳಿದ ಕಾಲದಲ್ಲಿ ಬರೆಯುವವರಿಗೆ ಮನುಷ್ಯನನ್ನು ಹದ್ದಿನಲ್ಲಿಡಲು ಸಾವಿನ ಹೊರತು ಬೇರೆ ಬೇಲಿ ಸಿಕ್ಕಲಿಲ್ಲ.

ಇಲ್ಲಿಗೆ ಮುಗಿಸಿದರೆ ನಾವು ಗೆದ್ದಂತೆ ಕಾಣಬಹುದು. ಆದರೆ ಎದುರು ಕುಳಿತ ಬುದ್ಧಿವಂತ ಓದುಗ ಸುಮ್ಮನಿರಲಾರ. ‘ನಿಮ್ಮ ದೇವರನ್ನಾದರೂ ಲೆಕ್ಕ ಕೇಳುವವರು ಯಾರು? ಅವನು ಪ್ರಶ್ನಾತೀತನೆಂದು ನಿಮ್ಮ ಗ್ರಂಥವೇ ಹೇಳುತ್ತದಲ್ಲ? ಹಾಗಿದ್ದರೆ ಝ್ಯೂಸನಿಗೂ ಅವನಿಗೂ ಏನು ವ್ಯತ್ಯಾಸ?’ ಆರನೆಯ ತರಗತಿಯ ಹುಡುಗಿ ಕೇಳಿದ್ದೂ ಒಂದು ಲೆಕ್ಕದಲ್ಲಿ ಇದನ್ನೇ. ಈ ಪ್ರಶ್ನೆಗೆ ಕೆನ್ನೆ ಬಡಿದುಕ

ೊಳ್ಳುವುದು ಉತ್ತರವಲ್ಲ. ನಮ್ಮ ಹಿರಿಯರು ಇದಕ್ಕಾಗಿ ಶತಮಾನಗಳ ಕಾಲ ಕಾದಾಡಿದ್ದಾರೆ. ದೇವರು ಮಾಡಿದ್ದೆಲ್ಲವೂ ನ್ಯಾಯವೇ, ನಮ್ಮ ಅಳತೆಗೋಲಿನಿಂದ ಅವನನ್ನು ಅಳೆಯಬಾರದು ಎಂದರು ಅಶ್‌ಅರಿಗಳು. ನ್ಯಾಯ ಅನ್ಯಾಯಗಳು ಬುದ್ಧಿಗೆ ತಿಳಿಯುವಂಥವು, ದೇವರು ಅನ್ಯಾಯ ಮಾಡುವುದಿಲ್ಲ ಎಂದರು ಮುಅತಜಿಲಿಗಳು. 1025ರಲ್ಲಿ ತೀರಿಕೊಂಡ ಖಾಜಿ ಅಬ್ದುಲ್ ಜಬ್ಬಾರ್ ಇವರಲ್ಲಿ ಹೆಸರಾಂತರು. ಅವರ ತರ್ಕ ನಮಗೆ ಇಂದಿಗೂ ಹೊಸತೆನಿಸುತ್ತದೆ. ಕೆಡುಕು ಮಾಡುವವನು ಎರಡೇ ಕಾರಣಕ್ಕೆ ಮಾಡುತ್ತಾನೆ: ಅದು ಕೆಡುಕೆಂದು ತಿಳಿಯದೆ, ಇಲ್ಲವೆ ತನಗೇನೋ ಬೇಕಾಗಿ. ಎಲ್ಲವನ್ನೂ ಬಲ್ಲ, ಏನೂ ಬೇಕಿಲ್ಲದ ದೇವರಿಗೆ ಈ ಎರಡೂ ಕಾರಣಗಳಿಲ್ಲ.

ಈ ಕನ್ನಡಕ ಹಾಕಿಕೊಂಡು ಒಲಿಂಪಸ್ಸನ್ನು ಮತ್ತೊಮ್ಮೆ ನೋಡಿ. ಅಲ್ಲಿರುವವರು ಸಾಯುವುದಿಲ್ಲ, ಆದರೆ ಅವರಿಗೆ ಎಲ್ಲವೂ ಬೇಕು. ಬಲಿಯ ಹೊಗೆ ಬೇಕು, ಹೊಗಳಿಕೆ ಬೇಕು, ಚಂದದ ಹೆಣ್ಣು ಬೇಕು, ಸೌಂದರ್ಯದ ಪಂದ್ಯದಲ್ಲಿ ಸೋತ ಸಿಟ್ಟಿಗೆ ಒಂದು ಊರು ಬೇಕು. ತೀರದ ಬೇಡಿಕೆ, ಕೇಳುವವರಿಲ್ಲದ ಬಲ, ಇವೆರಡೂ ಒಂದೇ ಮೈಯಲ್ಲಿ ಸೇರಿವೆ. ಅವರು ಆರಾಧ್ಯರಲ್ಲವೆಂದು ತಿಳಿಯಲು ಅವರಿಗಿಂತ ದೊಡ್ಡ ತೋಳು ಹುಡುಕಬೇಕಾಗಿಲ್ಲ. ಹಸಿದಿದ್ದಾರೆ ಎಂಬುದೇ ಸಾಕು. ಮಗುವಿನ ಪ್ರಶ್ನೆಗೂ ನಾವು ಹೇಳಬೇಕಾದ ಉತ್ತರ ಇದೇ ಇತ್ತೇನೋ: ಜಗಳವಾಡುವುದಕ್ಕೆ ಏನಾದರೂ ಬೇಕಾಗಿರಬೇಕಲ್ಲ ಮಗಳೇ.

ಈ ತರ್ಕ ದುಃಖದ ಎಲ್ಲ ಪ್ರಶ್ನೆಗಳನ್ನೂ ತೀರಿಸುತ್ತದೆಂದು ನಾವು ಹೇಳುವುದಿಲ್ಲ. ಭೂಕಂಪದಲ್ಲಿ ಮಗು ಕಳೆದುಕೊಂಡ ತಾಯಿಗೆ ಖಾಜಿ ಅಬ್ದುಲ್ ಜಬ್ಬಾರರ ವಾದ ಓದಿ ಹೇಳುವವನು ಮನುಷ್ಯನೇ ಅಲ್ಲ. ಆದರೆ ಝ್ಯೂಸನನ್ನು ಗುರುತಿಸಲು ಇದು ಒಳ್ಳೆಯ ಉಪಕರಣ. ಅವನು ಬೆಟ್ಟದ ಮೇಲೆ ಮಾತ್ರ ಇಲ್ಲ. ರಿಯೊರ್ಡನ್ನನ ಕಥೆಯಲ್ಲಿ ಒಲಿಂಪಸ್ ಇರುವುದು ನ್ಯೂಯಾರ್ಕಿನ ಎಂಪೈರ್ ಸ್ಟೇಟ್ ಕಟ್ಟಡದ ಮೇಲೆ, ಆರುನೂರನೆಯ ಮಹಡಿಯಲ್ಲಿ. ಪಾಶ್ಚಾತ್ಯ ನಾಗರಿಕತೆಯ ಜ್ವಾಲೆ ಎಲ್ಲಿ ಉರಿಯುತ್ತದೋ ದೇವರುಗಳು ಅಲ್ಲಿಗೆ ವಲಸೆ ಹೋಗುತ್ತಾರೆಂಬುದು ಕೈರನ್ನನ ವಿವರಣೆ. ಗ್ರೀಸ್, ರೋಮ್, ಆಮೇಲೆ ಜರ್ಮನಿ, ಫ್ರಾನ್ಸ್, ಸ್ಪೇನ್, ಇಂಗ್ಲೆಂಡ್, ಈಗ ಅಮೆರಿಕ. ಈ ಪಟ್ಟಿಯಲ್ಲಿ ಬಗ್ದಾದ್ ಇಲ್ಲ. ಅರಿಸ್ಟಾಟಲ್ ಶತಮಾನಗಳ ಕಾಲ ಅರಬಿ ಮಾತಾಡಿದ್ದು, ಆ ಜ್ವಾಲೆಯ ಒಂದು ಪಾಲು ಟೊಲೆಡೊದಲ್ಲಿ ಅರಬಿಯಿಂದ ಲ್ಯಾಟಿನ್ನಿಗೆ ಹೊತ್ತಿಕೊಂಡದ್ದು ಮಕ್ಕಳ ಕಥೆಗೆ ಬೇಕಾಗಲಿಲ್ಲ. ಪುಸ್ತಕ ಬಂದದ್ದು 2005ರಲ್ಲಿ. ಅದಕ್ಕೆ ಎರಡು ವರ್ಷ ಮೊದಲು, 2003ರ ಏಪ್ರಿಲಿನಲ್ಲಿ, ಅಮೆರಿಕದ ಸೇನೆ ಬಗ್ದಾದನ್ನು ಹಿಡಿದ ದಿನಗಳಲ್ಲಿ ಇರಾಕಿನ ರಾಷ್ಟ್ರೀಯ ಗ್ರಂಥಾಲಯ ಉರಿದುಹೋಗಿತ್ತು. ಇದಕ್ಕೆ ರಿಯೊರ್ಡನ್ನರನ್ನು ದೂರುವುದು ಮೂರ್ಖತನ. ಆದರೆ ಝ್ಯೂಸ್ ಮತ್ತು ಹೀರಾ ಊರುಗಳ ವ್ಯಾಪಾರ ಮಾಡುವ ಹೋಮರನ ಆ ಪುಟವನ್ನು ನಮ್ಮ ಕಾಲದ ಓದುಗ ಬರೀ ಪುರಾಣವೆಂದು ಓದಲಾರ. ಇಕ್ಬಾಲರು 1932ರ ‘ಜಾವೀದ್ ನಾಮಾ’ದಲ್ಲಿ ಶುಕ್ರಗ್ರಹದ ಮೇಲೆ ಹಳೆಯ ದೇವರುಗಳ ಸಭೆಯೊಂದನ್ನು ಕಾಣುತ್ತಾರೆ. ತಮ್ಮ ಕಾಲ ಮರಳಿ ಬಂತೆಂದು ಆ ದೇವರುಗಳು ಹಿಗ್ಗುತ್ತಿರುತ್ತಾರೆ. ಇಕ್ಬಾಲರಿಗೆ ಅಂಜಿಕೆಯಿದ್ದದ್ದು ಕಥೆಪುಸ್ತಕಗಳ ಬಗ್ಗೆ ಅಲ್ಲ.

ಇಷ್ಟಾದ ಮೇಲೂ ಈ ಪುಸ್ತಕಗಳನ್ನು ಕಪಾಟಿನಿಂದ ಇಳಿಸಿ ಮಕ್ಕಳ ಕೈಗೆ ಕೊಡಬೇಕೆಂದೇ ನಮ್ಮ ಅಭಿಪ್ರಾಯ. ಕೊಟ್ಟು, ಪಕ್ಕದಲ್ಲಿ ಕೂರಬೇಕು. ನಮಗೆ ಕಥೆ ಬರೆಯುವ ಕಸುಬಿನವರಿಗೆ ಅದರಲ್ಲಿ ಸ್ವಾರ್ಥವೂ ಇದೆ. ವಾದಗಳು ತಲುಪದ ಕಡೆಗೆ ಕಥೆ ಹೋಗುವುದನ್ನು ಇಲ್ಲಿ ಕಾಣುತ್ತೇವೆ. ‘ಇಲಿಯಡ್’ನ ಕೊನೆಯ ಅಧ್ಯಾಯದಲ್ಲಿ ಮುದುಕ ಪ್ರಿಯಮ್ ರಾತ್ರೋರಾತ್ರಿ ಶತ್ರುವಿನ ಬಿಡಾರಕ್ಕೆ ಹೋಗಿ, ತನ್ನ ಮಗ ಹೆಕ್ಟರನನ್ನು ಕೊಂದ ಕೈಗಳಿಗೇ ಮುತ್ತಿಟ್ಟು ಹೆಣ ಬೇಡುತ್ತಾನೆ. ನಿನ್ನ ತಂದೆಯನ್ನು ನೆನೆದುಕೋ ಎನ್ನುತ್ತಾನೆ. ತನ್ನ ಸಾವಿನ ಅರಿವು ಮಾಡಲಾಗದ್ದನ್ನು ಇನ್ನೊಬ್ಬನ ಕಣ್ಣೀರು ಮಾಡುತ್ತದೆ. ಅಕಿಲೀಸ್ ಅಳುತ್ತಾನೆ, ಹೆಣ ಕೊಡುತ್ತಾನೆ. ಅಲ್ಲಿ ದೇವರುಗಳು ಕಳಿಸಿದ್ದು ಅಪ್ಪಣೆ ಮಾತ್ರ. ಅಳು ಅವನದೇ.

ಅಕಿಲೀಸನ ತಾಯಿ ಥೆಟಿಸ್ ಸಮುದ್ರದ ದೇವತೆ, ಸಾವಿಲ್ಲದವಳು. ಹೆತ್ತದ್ದು ಮಾತ್ರ ಸಾಯುವ ಮಗನನ್ನು. ಮಿಲ್ಲರರ ಮೊದಲ ಕಾದಂಬರಿಯಲ್ಲಿ ಅವಳು ಕಲ್ಲಿನಂಥವಳು, ಮಗನ ಜೀವದ ಗೆಳೆಯ ಪೆಟ್ರೋಕ್ಲಸನನ್ನು ಕಂಡರಾಗದು. ಇಬ್ಬರೂ ಸತ್ತು ಒಂದೇ ಗೋರಿಯಲ್ಲಿ ಬೂದಿಯಾಗಿ ಬೆರೆತ ಮೇಲೂ ಕಲ್ಲಿನ ಮೇಲೆ ಒಬ್ಬನ ಹೆಸರಷ್ಟೇ ಇರುತ್ತದೆ. ಅವಳು ಗೋರಿಯ ಬಳಿ ಬಂದು ಕೂರುತ್ತಾಳೆ. ಹೆಸರಿಲ್ಲದ ಕಾರಣ ಹೋಗಲಾರದೆ ಉಳಿದ ಪೆಟ್ರೋಕ್ಲಸನ ಆತ್ಮ ಅವಳಿಗೆ ಅವಳ ಮಗನ ನೆನಪುಗಳನ್ನು ಒಂದೊಂದಾಗಿ ಹೇಳುತ್ತದೆ. ಹುಡುಗನಾಗಿದ್ದಾಗ ಹೇಗೆ ಓಡುತ್ತಿದ್ದ, ವೀಣೆಯಂಥ ವಾದ್ಯವನ್ನು ಹೇಗೆ ನುಡಿಸುತ್ತಿದ್ದ, ಅವಳು ನೋಡದೆ ಹೋದದ್ದೆಲ್ಲವನ್ನೂ. ಕತ್ತಲಾಗುವವರೆಗೆ ಕೇಳುತ್ತಾಳೆ. ಆಮೇಲೆ ಆ ಕಲ್ಲಿನ ಮೇಲೆ ಎರಡನೆಯ ಹೆಸರನ್ನೂ ತಾನೇ ಕೆತ್ತುತ್ತಾಳೆ.